ಪಿಸಿಓಎಸ್ ಮತ್ತು ದೇಹದ ತೂಕ: ತಿಳಿಯಬೇಕಾದುದು, ಮಾಡಬೇಕಾದುದು

ಮುಟ್ಟು ಕಾಲಕ್ಕೆ ಸರಿಯಾಗಿ ಬಾರದಿರುವುದು, ಗಲ್ಲ ಹಾಗೂ ಮೇಲ್ದುಟಿಯ ಮೇಲೆ ಒರಟಾದ ಕೂದಲು ಬೆಳೆಯುವುದು, ಹರೆಯ ದಾಟಿದರೂ ಮೊಡವೆ ಮಾಯವಾಗದಿರುವುದು, ಸೊಂಟದ ಸುತ್ತ ಬೊಜ್ಜು ಸೇರುವುದು - ಈ ತೊಂದರೆಗಳನ್ನು ಒಂದಕ್ಕೊಂದು ಸಂಬಂಧವಿಲ್ಲದವೆಂದು ಭಾವಿಸಿ ಅನೇಕ ಸ್ತ್ರೀಯರು ಬೇರೆ ಬೇರೆಯಾಗಿ ಚಿಕಿತ್ಸೆ ಪಡೆಯುತ್ತಾರೆ. ಇವೆಲ್ಲಕ್ಕೂ ಒಂದೇ ಮೂಲವಿರುವುದು ಸಾಧ್ಯ. ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಸಂಕ್ಷೇಪವಾಗಿ ಪಿಸಿಓಎಸ್, ಎಂಬ ಲಕ್ಷಣಕೂಟ ಅಂತಹ ಒಂದು ಮೂಲ.

ಈ ಸಮಸ್ಯೆಯುಳ್ಳ ಸ್ತ್ರೀಯರಿಗೆ ಸಾಮಾನ್ಯವಾಗಿ ದೊರೆಯುವ ಮೊದಲ ಸಲಹೆ "ತೂಕ ಇಳಿಸಿ" ಎಂಬುದು. ಸಲಹೆ ತಪ್ಪಲ್ಲ, ಆದರೆ ಅಪೂರ್ಣ. ತೂಕ ಇಳಿಸುವುದು ಇವರಿಗೆ ಏಕೆ ಕಷ್ಟ, ಎಷ್ಟು ಇಳಿದರೆ ಸಾಕು, ಇಳಿಯದಿದ್ದರೆ ಮುಂದೇನು ಎಂಬುದನ್ನು ಯಾರೂ ಬಿಡಿಸಿ ಹೇಳದಿದ್ದಾಗ ಆಕೆ ತನ್ನನ್ನೇ ದೂಷಿಸಿಕೊಂಡು ಚಿಕಿತ್ಸೆಯಿಂದ ದೂರ ಸರಿಯುತ್ತಾಳೆ. ಈ ಮೂರು ಪ್ರಶ್ನೆಗಳಿಗೆ ಉತ್ತರ ನೀಡುವುದೇ ಈ ಲೇಖನದ ಉದ್ದೇಶ.

ಹೆಸರು ಮತ್ತು ಸ್ವರೂಪ

1935ರಲ್ಲಿ ಅಮೆರಿಕದ ಶಿಕಾಗೋ ನಗರದ ವೈದ್ಯರಾದ ಇರ್ವಿಂಗ್ ಸ್ಟೈನ್ ಮತ್ತು ಮೈಕೇಲ್ ಲೆವೆಂಥಾಲ್ ಅವರು ಏಳು ಸ್ತ್ರೀಯರಲ್ಲಿ ಈ ಸ್ಥಿತಿಯನ್ನು ಗುರುತಿಸಿ ವರ್ಣಿಸಿದರು. ಅವರ ಅಂಡಾಶಯಗಳು ದೊಡ್ಡದಾಗಿದ್ದು, ಅವುಗಳಲ್ಲಿ ಅನೇಕ ನೀರುಗುಳ್ಳೆಗಳಂತಹ ರಚನೆಗಳಿದ್ದವು. ಹೆಸರಿನಲ್ಲಿರುವ 'ಸಿಸ್ಟ್' ಎಂಬ ಪದವನ್ನು ಕೇಳಿ ಗಾಬರಿಪಡಬೇಕಾಗಿಲ್ಲ. ಇವು ಗಡ್ಡೆಗಳಲ್ಲ; ಅಂಡವನ್ನು ಹೊತ್ತ, ಆದರೆ ಬೆಳವಣಿಗೆ ಅರ್ಧದಲ್ಲಿಯೇ ನಿಂತುಹೋದ ಪುಟ್ಟ ಚೀಲಗಳು. ಒಂದೊಂದರ ಗಾತ್ರ ಸುಮಾರು 2ರಿಂದ 9 ಮಿಲಿಮೀಟರ್. ಇವನ್ನು ಶಸ್ತ್ರಕ್ರಿಯೆಯಿಂದ ತೆಗೆಯಬೇಕಾದ ಅಗತ್ಯವಿಲ್ಲ.

2003ರಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ನಗರದಲ್ಲಿ ಸೇರಿದ ತಜ್ಞರು ರೋಗನಿರ್ಣಯಕ್ಕೆ ಮೂರು ಅಂಶಗಳನ್ನು ಸೂಚಿಸಿದರು: ಅಂಡ ಕ್ರಮವಾಗಿ ಬಿಡುಗಡೆಯಾಗದಿರುವುದು, ಪುರುಷ ಹಾರ್ಮೋನುಗಳ ಪ್ರಭಾವ ಹೆಚ್ಚಿರುವುದು, ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಅಂಡಾಶಯ ಮೇಲೆ ಹೇಳಿದಂತೆ ಕಾಣುವುದು. ಇವುಗಳಲ್ಲಿ ಯಾವುದಾದರೂ ಎರಡು ಇದ್ದು, ಥೈರಾಯ್ಡ್ ದೋಷವೇ ಮೊದಲಾದ ಬೇರೆ ಕಾರಣಗಳಿಲ್ಲವೆಂದು ಖಚಿತವಾದರೆ ಪಿಸಿಓಎಸ್ ಎಂದು ನಿರ್ಧರಿಸಬಹುದು. ಕೇವಲ ಅಲ್ಟ್ರಾಸೌಂಡ್ ವರದಿಯೊಂದರಿಂದಲೇ ಈ ತೀರ್ಮಾನಕ್ಕೆ ಬರಲಾಗದು. ಹರೆಯದ ಹುಡುಗಿಯರಲ್ಲಂತೂ, ಮೊದಲ ಮುಟ್ಟಿನ ನಂತರದ ಕೆಲವು ವರ್ಷ ಮುಟ್ಟು ಏರುಪೇರಾಗುವುದು ಸಹಜವಾದ್ದರಿಂದ ಇನ್ನಷ್ಟು ಎಚ್ಚರಿಕೆ ಅಗತ್ಯ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶದ ಹಲವು ಭಾಗಗಳಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನವು 18ರಿಂದ 40 ವರ್ಷ ವಯಸ್ಸಿನ ಸುಮಾರು 10 ಸಾವಿರ ಸ್ತ್ರೀಯರನ್ನು ಪರಿಶೀಲಿಸಿತು. ಕಟ್ಟುನಿಟ್ಟಾದ ಹಳೆಯ ಮಾನದಂಡದಂತೆ ಶೇಕಡ 7ರಷ್ಟು, 2003ರ ಮಾನದಂಡದಂತೆ ಶೇಕಡ 20ರ ಸಮೀಪದಷ್ಟು ಸ್ತ್ರೀಯರಲ್ಲಿ ಇದು ಕಂಡುಬಂದಿತು. ಆದ್ದರಿಂದ ಇದು ಅಪರೂಪದ ಕಾಯಿಲೆಯಲ್ಲ. ಮುಚ್ಚಿಡಬೇಕಾದ ವಿಷಯವೂ ಅಲ್ಲ. ತೆಳ್ಳಗಿರುವವರಲ್ಲಿಯೂ ಇದು ಇರಬಹುದೆಂಬುದನ್ನು ಮರೆಯಬಾರದು.

ತೂಕ ಇಳಿಯುವುದು ಏಕೆ ಕಷ್ಟ?

ನಾವು ಉಂಡ ಆಹಾರದ ಸಕ್ಕರೆಯ ಅಂಶ ರಕ್ತವನ್ನು ಸೇರಿದಾಗ, ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಸಕ್ಕರೆಯು ಸ್ನಾಯುಗಳ ಒಳಹೊಕ್ಕು ಶಕ್ತಿಯಾಗಿ ಬಳಕೆಯಾಗಲು ಇದು ನೆರವಾಗುತ್ತದೆ. ಪಿಸಿಓಎಸ್ ಇರುವ ಬಹುಪಾಲು ಸ್ತ್ರೀಯರಲ್ಲಿ ದೇಹವು ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಇದಕ್ಕೆ ಇನ್ಸುಲಿನ್ ಪ್ರತಿರೋಧ ಎಂದು ಹೆಸರು. ಆಗ ಅದೇ ಕೆಲಸಕ್ಕೆ ಗ್ರಂಥಿಯು ಇನ್ನೂ ಹೆಚ್ಚು ಇನ್ಸುಲಿನ್ ಸ್ರವಿಸಬೇಕಾಗುತ್ತದೆ.

ಹೀಗೆ ಹೆಚ್ಚಾದ ಇನ್ಸುಲಿನ್ ಮೂರು ಪರಿಣಾಮಗಳನ್ನು ಉಂಟುಮಾಡುತ್ತದೆ. ಮೊದಲನೆಯದಾಗಿ, ಅಂಡಾಶಯವನ್ನು ಪ್ರಚೋದಿಸಿ ಪುರುಷ ಹಾರ್ಮೋನುಗಳ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ಎರಡನೆಯದಾಗಿ, ಆ ಹಾರ್ಮೋನುಗಳನ್ನು ರಕ್ತದಲ್ಲಿ ಹಿಡಿದಿಡುವ ಪ್ರೋಟೀನನ್ನು ಯಕೃತ್ತು ಕಡಿಮೆ ತಯಾರಿಸುವಂತೆ ಮಾಡುತ್ತದೆ. ಇದರಿಂದ ಅವುಗಳ ಪ್ರಭಾವ ಮತ್ತಷ್ಟು ಏರುತ್ತದೆ. ಮೂರನೆಯದಾಗಿ, ಶೇಖರವಾದ ಕೊಬ್ಬು ಕರಗುವುದಕ್ಕೆ ಅಡ್ಡಿಯಾಗುತ್ತದೆ. ಹೊಟ್ಟೆಯ ಭಾಗದ ಬೊಜ್ಜು ಇನ್ಸುಲಿನ್ ಪ್ರತಿರೋಧವನ್ನು ಇನ್ನೂ ಹೆಚ್ಚಿಸುತ್ತದೆ. ಒಂದು ಮತ್ತೊಂದನ್ನು ಬೆಳೆಸುವ ವಿಷವರ್ತುಲವಿದು.

ಕುತ್ತಿಗೆಯ ಹಿಂಭಾಗ ಮತ್ತು ಕಂಕುಳಲ್ಲಿ ಚರ್ಮವು ದಪ್ಪಗಾಗಿ, ಮಖಮಲ್ಲಿನಂತೆ ಕಪ್ಪಾಗುವುದು ಇನ್ಸುಲಿನ್ ಪ್ರತಿರೋಧದ ಹೊರಗುರುತು. ಇದನ್ನು ಕೊಳೆಯೆಂದು ಬಗೆದು ಉಜ್ಜಿ ತೊಳೆಯುವವರು ಅನೇಕರು. ಉಜ್ಜುವುದರಿಂದ ಅದು ಹೋಗದು. ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳುವುದು ಉಚಿತ.

ಇದಲ್ಲದೆ, ಯಾರೇ ಆಗಲಿ ತೂಕ ಇಳಿಸಿಕೊಂಡಾಗ ದೇಹವು ಶಕ್ತಿಯ ಖರ್ಚನ್ನು ತಗ್ಗಿಸುತ್ತದೆ, ಹಸಿವನ್ನು ಹೆಚ್ಚಿಸುತ್ತದೆ. ನಿದ್ರಾಭಂಗ, ಖಿನ್ನತೆ, ಆತಂಕಗಳು ಪಿಸಿಓಎಸ್ ಇರುವವರಲ್ಲಿ ಹೆಚ್ಚಾಗಿ ಕಾಣುವುದರಿಂದ ನಿಯಮವನ್ನು ಪಾಲಿಸುವುದೂ ಕಠಿಣವಾಗುತ್ತದೆ. ಹೀಗಿರುವಾಗ ತೂಕ ಇಳಿಯದಿರುವುದಕ್ಕೆ ಸೋಮಾರಿತನ, ಬಾಯಿಚಪಲಗಳನ್ನು ಕಾರಣವಾಗಿ ಹೇಳುವುದು ಅನ್ಯಾಯ. ಕಷ್ಟವೆಂದರೆ ಅಸಾಧ್ಯವೆಂದೂ ಅರ್ಥವಲ್ಲ.

ಎಷ್ಟು ಇಳಿದರೆ ಪ್ರಯೋಜನ?

ಮದುವೆಯ ದಿನದ ತೂಕಕ್ಕೋ ಕಾಲೇಜಿನ ದಿನಗಳ ತೂಕಕ್ಕೋ ಹಿಂದಿರುಗಬೇಕೆಂಬ ಗುರಿ ಅನಗತ್ಯ. ತೂಕ ಹೆಚ್ಚಿರುವವರು ಇರುವ ತೂಕದಲ್ಲಿ ಶೇಕಡ 5ರಿಂದ 10ರಷ್ಟನ್ನು ಕಳೆದುಕೊಂಡರೂ ಅನೇಕರಲ್ಲಿ ಮುಟ್ಟು ಕ್ರಮಗೊಳ್ಳುತ್ತದೆ, ಇನ್ಸುಲಿನ್ನಿನ ಕಾರ್ಯ ಉತ್ತಮಗೊಳ್ಳುತ್ತದೆ. 72 ಕಿಲೋ ತೂಗುವ ಸ್ತ್ರೀಗೆ ಶೇಕಡ 5 ಎಂದರೆ 3.6 ಕಿಲೋ ಮಾತ್ರ. ಇದನ್ನು ಆರು ತಿಂಗಳಲ್ಲಿ ಸಾಧಿಸಿದರೂ ಅದು ಯಶಸ್ಸೇ. ತೂಕ ಮತ್ತಷ್ಟು ಏರದಂತೆ ನೋಡಿಕೊಳ್ಳುವುದು ಸಹ ಒಂದು ಸಾಧನೆಯೆಂದು ತಜ್ಞರು ಪರಿಗಣಿಸುತ್ತಾರೆ.

ತಕ್ಕಡಿಯ ಜೊತೆಗೆ ಅಳತೆಪಟ್ಟಿಯನ್ನೂ ಬಳಸಬೇಕು. ಕೆಳಗಿನ ಪಕ್ಕೆಲುಬು ಹಾಗೂ ಸೊಂಟದ ಮೂಳೆಯ ಮೇಲಂಚುಗಳ ನಡುವೆ, ಸಹಜವಾಗಿ ಉಸಿರು ಬಿಟ್ಟ ನಂತರ ಸುತ್ತಳತೆ ತೆಗೆಯಬೇಕು. ಭಾರತೀಯ ಸ್ತ್ರೀಯರಲ್ಲಿ ಇದು 80 ಸೆಂಟಿಮೀಟರನ್ನು ಮೀರಿದರೆ ಎಚ್ಚರ ವಹಿಸಬೇಕು. ವ್ಯಾಯಾಮ ಆರಂಭಿಸಿದವರಲ್ಲಿ ತೂಕ ಕದಲದಿದ್ದರೂ ಸುತ್ತಳತೆ ಇಳಿಯುವುದುಂಟು. ದೇಹದ ನೀರಿನಂಶದಿಂದಾಗಿ ತೂಕವು ದಿನದಿಂದ ದಿನಕ್ಕೆ ಒಂದು ಕಿಲೋವಿನಷ್ಟು ಏರಿಳಿಯಬಹುದಾದ್ದರಿಂದ ವಾರಕ್ಕೊಮ್ಮೆ, ಒಂದೇ ವೇಳೆಯಲ್ಲಿ ತೂಕ ನೋಡಿದರೆ ಸಾಕು.

ಆಹಾರ

ಪಿಸಿಓಎಸ್‌ಗೆಂದೇ ಶ್ರೇಷ್ಠವಾದ ವಿಶೇಷ ಪಥ್ಯವೊಂದಿದೆಯೆಂದು ಸಂಶೋಧನೆಗಳಿಂದ ಸಿದ್ಧಪಟ್ಟಿಲ್ಲ. ಅನ್ನವನ್ನು ಪೂರ್ತಿಯಾಗಿ ಬಿಡುವುದು, ದಿನಗಟ್ಟಲೆ ಉಪವಾಸವಿರುವುದು, ಹಾಲನ್ನು ವರ್ಜಿಸುವುದು ಎಲ್ಲರಿಗೂ ಕಡ್ಡಾಯವಲ್ಲ. ವರ್ಷಗಟ್ಟಲೆ ಅನುಸರಿಸಬಲ್ಲ ಊಟವೇ ಒಳ್ಳೆಯ ಊಟ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು ತರಕಾರಿ, ಹಣ್ಣುಗಳಿಗೆ ತಟ್ಟೆಯ ಅರ್ಧದಷ್ಟು ಸ್ಥಾನ ನೀಡುತ್ತದೆ. ನಮ್ಮ ಮನೆಯೂಟಕ್ಕೆ ಇದನ್ನು ಹೀಗೆ ಹೊಂದಿಸಿಕೊಳ್ಳಬಹುದು: ಅರ್ಧಭಾಗ ಪಲ್ಯ, ಸೊಪ್ಪು, ಕೋಸಂಬರಿ, ಕಾಲುಭಾಗ ಕಾಳು, ಬೇಳೆ, ಮೊಸರು, ರೂಢಿಯಿದ್ದವರಿಗೆ ಮೊಟ್ಟೆ ಅಥವಾ ಮೀನು, ಉಳಿದ ಕಾಲುಭಾಗ ಅನ್ನ, ಮುದ್ದೆ, ಚಪಾತಿ ಅಥವಾ ಜೋಳದ ರೊಟ್ಟಿ. ತಿಳಿಸಾರಿನಲ್ಲಿ ಬೇಳೆಯ ಅಂಶ ಅತ್ಯಲ್ಪ. ಹುರುಳಿ, ಹೆಸರು, ಅಲಸಂದೆ, ಕಡಲೆಗಳನ್ನು ಗಟ್ಟಿಯಾಗಿ ಬೇಯಿಸಿ ತಿಂದರೆ ಪ್ರೋಟೀನು, ನಾರು ಎರಡೂ ದೊರೆತು ಬೇಗನೆ ಹಸಿವಾಗುವುದಿಲ್ಲ.

ರಾಗಿ, ಜೋಳಗಳು ಒಳ್ಳೆಯ ಧಾನ್ಯಗಳೇ ಆದರೂ ಅವುಗಳಲ್ಲಿಯೂ ಪಿಷ್ಟವಿದೆ. ಅನ್ನದ ಬದಲಿಗೆ ಮುದ್ದೆ ತಿನ್ನಬೇಕೇ ಹೊರತು ಅನ್ನದ ಜೊತೆಗಲ್ಲ. ಉಪವಾಸದ ದಿನ ಮುಂಬಯಿ, ಪುಣೆಗಳಲ್ಲಿ ರೂಢಿಯಲ್ಲಿರುವ ಸಾಬೂದಾಣೆಯ ಖಿಚಡಿ, ವಡೆಗಳು ಪಿಷ್ಟ ಮತ್ತು ಎಣ್ಣೆಗಳಿಂದ ಕೂಡಿದ್ದು, ನಿತ್ಯದ ಊಟಕ್ಕಿಂತ ಹಗುರವಲ್ಲ.

ಕಾಣದಂತೆ ಸೇರುವ ಸಕ್ಕರೆಯ ಲೆಕ್ಕವನ್ನೂ ಇಡಬೇಕು. ಒಂದು ಚಿಕ್ಕ ಚಮಚ ಸಕ್ಕರೆ ಸುಮಾರು 5 ಗ್ರಾಂ. ದಿನಕ್ಕೆ ಮೂರು ಲೋಟ ಚಹಾ, ಲೋಟಕ್ಕೆ ಎರಡು ಚಮಚದಂತೆ ಹಾಕಿದರೆ 30 ಗ್ರಾಂ ಸಕ್ಕರೆ, ಅಂದರೆ ಸುಮಾರು 120 ಕ್ಯಾಲೊರಿ ಆಗುತ್ತದೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಕ್ಯಾಲೊರಿ ಇದೆ. ಬೆಲ್ಲ, ಜೇನುತುಪ್ಪಗಳೂ ಸಕ್ಕರೆಗೆ ಸಮಾನವೆಂದೇ ತಿಳಿಯಬೇಕು.

ವ್ಯಾಯಾಮ ಮತ್ತು ನಿದ್ರೆ

ದುಡಿಯುವ ಸ್ನಾಯುಗಳು ಸಕ್ಕರೆಯನ್ನು ಹೀರಿಕೊಳ್ಳಲು ಹೆಚ್ಚು ಇನ್ಸುಲಿನ್ ಬೇಡವಾದ್ದರಿಂದ, ತೂಕ ಇಳಿಯದಿದ್ದರೂ ವ್ಯಾಯಾಮದಿಂದ ಲಾಭವಿದೆ. 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿಯು ಆರೋಗ್ಯ ಕಾಪಾಡಿಕೊಳ್ಳಲು ವಾರಕ್ಕೆ 150ರಿಂದ 300 ನಿಮಿಷಗಳ ಬಿರುಸು ನಡಿಗೆಯಂತಹ ಚಟುವಟಿಕೆಯನ್ನು, ತೂಕ ಇಳಿಸಲು ಕನಿಷ್ಠ 250 ನಿಮಿಷಗಳನ್ನು ಸೂಚಿಸುತ್ತದೆ. ಅಂದರೆ ವಾರದಲ್ಲಿ ಐದು ದಿನ, ದಿನಕ್ಕೆ 50 ನಿಮಿಷ. ಇದನ್ನು ಒಂದೇ ಬಾರಿಗೆ ಪೂರೈಸಬೇಕಾಗಿಲ್ಲ. ರೈಲು ನಿಲ್ದಾಣದಿಂದ ಮನೆಗೆ ನಡೆಯುವುದು, ಮೆಟ್ಟಿಲು ಹತ್ತುವುದು ಇವೂ ಲೆಕ್ಕಕ್ಕೆ ಸೇರುತ್ತವೆ. ದೆಹಲಿಯಂತಹ ನಗರಗಳಲ್ಲಿ ಚಳಿಗಾಲದ ಹೊಗೆಮಂಜು ದಟ್ಟವಾಗಿರುವ ದಿನಗಳಲ್ಲಿ ಮನೆಯೊಳಗೆ ವ್ಯಾಯಾಮ ಮಾಡುವುದು ಲೇಸು.

ಇದರ ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಬೇಕು. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ನೀರು ತುಂಬಿದ ಬಾಟಲಿಗಳನ್ನು ಎತ್ತಿ ಇಳಿಸುವುದು ಮೊದಲಾದವನ್ನು ಮನೆಯಲ್ಲಿಯೇ ಮಾಡಬಹುದು. ಜೋರಾದ ಗೊರಕೆ, ಹಗಲಿನಲ್ಲಿ ವಿಪರೀತ ತೂಕಡಿಕೆ ಇದ್ದರೆ ನಿದ್ರೆಯಲ್ಲಿ ಉಸಿರಾಟಕ್ಕೆ ತಡೆಯುಂಟಾಗುತ್ತಿರುವ ಸಂಭವವಿದ್ದು, ವೈದ್ಯರಿಗೆ ತಿಳಿಸಬೇಕು.

ಚಿಕಿತ್ಸೆಯು ತೂಕಕ್ಕಾಗಿ ಕಾಯಬಾರದು

"ಮೊದಲು ತೂಕ ಇಳಿಯಲಿ, ಆಮೇಲೆ ನೋಡೋಣ" ಎಂದು ಚಿಕಿತ್ಸೆಯನ್ನು ಮುಂದೂಡುವುದು ಅಪಾಯಕರ. ಮುಟ್ಟು ದೀರ್ಘಕಾಲ ನಿಂತಾಗ ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋಗಿ, ಮುಂದೆ ಕ್ಯಾನ್ಸರಿಗೆ ಎಡೆಯಾಗಬಹುದು. ಆದ್ದರಿಂದ 90 ದಿನಗಳಿಗೂ ಮೀರಿ ಮುಟ್ಟು ಬಾರದಿದ್ದರೆ, ಗರ್ಭ ನಿಂತಿಲ್ಲವೆಂದು ಪರೀಕ್ಷಿಸಿಕೊಂಡು, ವೈದ್ಯರನ್ನು ಕಾಣಲೇಬೇಕು. ಮುಟ್ಟನ್ನು ಕ್ರಮಗೊಳಿಸಲು ಹಾರ್ಮೋನು ಮಾತ್ರೆಗಳಿವೆ. ಇನ್ಸುಲಿನ್ ಪ್ರತಿರೋಧಕ್ಕೆ ಮೆಟ್‌ಫಾರ್ಮಿನ್ ನೀಡುವುದುಂಟು. ಮಕ್ಕಳನ್ನು ಬಯಸುವವರಲ್ಲಿ ಅಂಡ ಬಿಡುಗಡೆಗೆ ಲೆಟ್ರೊಜೋಲ್ ಮೊದಲ ಆಯ್ಕೆಯಾಗಿದೆ. ರಕ್ತದೊತ್ತಡ, ತಲೆನೋವು, ಹಿಂದಿನ ಕಾಯಿಲೆಗಳನ್ನು ವಿಚಾರಿಸಿ ವೈದ್ಯರೇ ಇವನ್ನು ಬರೆದುಕೊಡಬೇಕು; ಅಂಗಡಿಯಿಂದ ತಾವಾಗಿ ತಂದು ಸೇವಿಸಬಾರದು.

ಸೆಮಾಗ್ಲುಟೈಡ್ ಮೊದಲಾದ ಹೊಸ ಚುಚ್ಚುಮದ್ದುಗಳಿಂದ ತೂಕ ಇಳಿಯುವುದು ನಿಜ. ಆದರೆ ನಿಲ್ಲಿಸಿದ ಮೇಲೆ ತೂಕ ಮರಳುವುದು ಸಾಮಾನ್ಯ. ಗರ್ಭಿಣಿಯರು ಇವನ್ನು ತೆಗೆದುಕೊಳ್ಳಕೂಡದು. ಮುಟ್ಟು ಕ್ರಮವಾಗಿಲ್ಲದಿದ್ದರೂ ಗರ್ಭಧಾರಣೆ ಸಾಧ್ಯವಿರುವುದರಿಂದ, ಈ ಔಷಧಿ ಪಡೆಯುವವರು ಗರ್ಭನಿರೋಧಕ್ಕೆ ಗಮನ ಕೊಡಬೇಕು.

ಮಧುಮೇಹದ ಸಂಭವ ಹೆಚ್ಚಾದ್ದರಿಂದ, ತೂಕ ಎಷ್ಟೇ ಇರಲಿ, ಪಿಸಿಓಎಸ್ ಗೊತ್ತಾದಾಗ ಹಾಗೂ ಅನಂತರ ಒಂದರಿಂದ ಮೂರು ವರ್ಷಗಳಿಗೊಮ್ಮೆ ರಕ್ತದ ಸಕ್ಕರೆಯ ಪರೀಕ್ಷೆ ಅಗತ್ಯ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗಳ ನಂತರ ಮಾಡುವ ಪರೀಕ್ಷೆ ಇದಕ್ಕೆ ಹೆಚ್ಚು ವಿಶ್ವಾಸಾರ್ಹ. ರಕ್ತದೊತ್ತಡ ಮತ್ತು ಕೊಬ್ಬಿನ ಪರೀಕ್ಷೆಗಳನ್ನೂ ಮಾಡಿಸಬೇಕು.

ಹೊರನಾಡಿನಲ್ಲಿರುವವರಿಗೆ ಒಂದು ಸೂಚನೆ

ಕರ್ನಾಟಕದ ಹೊರಗೆ ನೆಲೆಸಿದ ಸ್ತ್ರೀಯರಿಗೆ ಮುಟ್ಟಿನ ವಿಷಯವನ್ನು ಮರಾಠಿ, ತಮಿಳು, ತೆಲುಗು ಅಥವಾ ಹಿಂದಿಯಲ್ಲಿ ವಿವರಿಸುವುದು ಸಂಕೋಚದ ಕೆಲಸವಾಗಬಹುದು. ಒಂದು ಚಿಕ್ಕ ಪುಸ್ತಕದಲ್ಲಿ ಮುಟ್ಟು ಆರಂಭವಾದ ದಿನಾಂಕ, ಎಷ್ಟು ದಿನ ಇತ್ತು, ವಾರದ ತೂಕ, ತಿಂಗಳ ಸುತ್ತಳತೆ, ಸೇವಿಸುತ್ತಿರುವ ಮಾತ್ರೆಗಳ ಹೆಸರು ಇವನ್ನು ಬರೆದಿಟ್ಟುಕೊಂಡರೆ ಈ ತೊಡಕು ಬಹುಮಟ್ಟಿಗೆ ನೀಗುತ್ತದೆ. ಅಂಕಿಗಳನ್ನು ಯಾವ ಭಾಷೆಯ ವೈದ್ಯರೂ ಓದಬಲ್ಲರು. ಆರು ತಿಂಗಳ ಇಂತಹ ದಾಖಲೆಯು ಅವಸರದ ಹತ್ತು ಮಾತುಗಳಿಗಿಂತ ಹೆಚ್ಚನ್ನು ತಿಳಿಸುತ್ತದೆ.

ಮನೆಯವರ ಹೊಣೆ

"ಮದುವೆಯಾದರೆ ಎಲ್ಲ ಸರಿಹೋಗುತ್ತದೆ", "ಇವಳಿಗೆ ಮಕ್ಕಳಾಗುವುದಿಲ್ಲ" ಎಂಬ ಎರಡು ಮಾತುಗಳೂ ತಪ್ಪು. ಮದುವೆ ಇದಕ್ಕೆ ಔಷಧಿಯಲ್ಲ. ಸೂಕ್ತ ಚಿಕಿತ್ಸೆಯಿಂದ ಹೆಚ್ಚಿನವರು ತಾಯಂದಿರಾಗಬಲ್ಲರು. ಒಬ್ಬಳಿಗೆ ಬೇರೆ ಅಡುಗೆ ಮಾಡಿ, ಉಳಿದವರು ಆಕೆಯ ಎದುರಿಗೆ ಕರಿದ ತಿಂಡಿ ತಿನ್ನುವುದಕ್ಕಿಂತ, ಇಡೀ ಮನೆಯ ಎಣ್ಣೆ, ಸಕ್ಕರೆಗಳ ಬಳಕೆ ತಗ್ಗುವುದು ಎಲ್ಲರಿಗೂ ಹಿತ. ಆಕೆ ನಡೆಯಲು ಹೋಗುವ ಒಂದು ಗಂಟೆ ಮನೆಗೆಲಸವನ್ನು ಇತರರು ವಹಿಸಿಕೊಳ್ಳುವುದು ನಿಜವಾದ ನೆರವು. ಮೈಕಟ್ಟಿನ ಬಗ್ಗೆ ಹಾಸ್ಯ, ಹೋಲಿಕೆ ಸಲ್ಲದು. ಮಂಕು ಎರಡು ವಾರಕ್ಕೂ ಮೀರಿ ಮುಂದುವರಿದರೆ ಅಥವಾ ಊಟದ ವಿಷಯದಲ್ಲಿ ವಿಪರೀತ ಭಯ ಕಂಡುಬಂದರೆ ಅದಕ್ಕೂ ವೈದ್ಯರ ಸಲಹೆ ಪಡೆಯಬೇಕು.

ನೆನಪಿಡಬೇಕಾದ ಅಂಶಗಳು

1. ತೂಕ ಇಳಿಯದಿರುವುದು ಶೀಲದ ದೋಷವಲ್ಲ. ಅದಕ್ಕೆ ದೈಹಿಕ ಕಾರಣಗಳಿವೆ.

2. ತೂಕ ಹೆಚ್ಚಿರುವವರಲ್ಲಿ ಶೇಕಡ 5ರಷ್ಟು ಇಳಿಕೆಯೂ ಫಲ ನೀಡಬಲ್ಲದು. ತೂಕ ಏರದಿರುವುದೂ ಲಾಭವೇ.

3. ಮುಟ್ಟಿನ ಕ್ರಮ, ಸುತ್ತಳತೆ, ರಕ್ತದ ಸಕ್ಕರೆ ಇವು ತೂಕದಷ್ಟೇ ಮುಖ್ಯವಾದ ಅಳತೆಗಳು.

4. 90 ದಿನಗಳಿಗೂ ಮೀರಿ ಮುಟ್ಟು ನಿಂತರೆ ವೈದ್ಯರನ್ನು ಕಾಣಬೇಕು.

5. ತೂಕ ಇಳಿಯಲಿ, ಇಳಿಯದಿರಲಿ, ಚಿಕಿತ್ಸೆ ಪಡೆಯುವ ಹಕ್ಕು ಪ್ರತಿಯೊಬ್ಬ ಸ್ತ್ರೀಗೂ ಇದೆ.