ಮನೆಯ ದೂರದರ್ಶನದಲ್ಲಿ ಚಿತ್ರ ನಿಂತಾಗ: ತಾರಸಿ ಹತ್ತುವ ಮೊದಲು ಮಾಡಬೇಕಾದ ಪರಿಶೀಲನೆ

2020ರಲ್ಲಿ ಶಾಲೆಗಳು ಮುಚ್ಚಿದ್ದ ಅವಧಿಯಲ್ಲಿ ರಾಜ್ಯದ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಚಂದನ ವಾಹಿನಿಯ ಮೂಲಕ ಸೇತುಬಂಧ ಪಾಠಗಳು ಪ್ರಸಾರವಾದವು. ಅದೇ ವರ್ಷ ಪಿಎಂ ಇ-ವಿದ್ಯಾ ಯೋಜನೆಯಡಿ 1ರಿಂದ 12ನೇ ತರಗತಿಯವರೆಗೆ ತರಗತಿಗೊಂದು ವಾಹಿನಿ ಎಂಬ ವ್ಯವಸ್ಥೆ ಪ್ರಕಟವಾಯಿತು. 2022ರ ಕೇಂದ್ರ ಆಯವ್ಯಯದಲ್ಲಿ ಆ 12 ವಾಹಿನಿಗಳನ್ನು 200ಕ್ಕೆ ಹೆಚ್ಚಿಸುವ ಘೋಷಣೆಯಾಯಿತು. ಮಾಸಿಕ ಶುಲ್ಕವಿಲ್ಲದ ಡಿಡಿ ಫ್ರೀ ಡಿಶ್ ಸೇವೆಯಲ್ಲಿ ಇವು ದೊರೆಯುವುದರಿಂದ, ಅಂತರ್ಜಾಲಕ್ಕೆ ಹಣ ತೆರಲಾಗದ ಕುಟುಂಬದ ಮಗುವಿಗೆ ತಾರಸಿಯ ಮೇಲಿನ ತಟ್ಟೆಯೇ ಮನೆಪಾಠದ ಬಾಗಿಲು. ಆ ತಟ್ಟೆ ಕೆಟ್ಟಾಗ ಮನೆಯ ಹಿರಿಯರೊಬ್ಬರು ಏಣಿ ಹಾಕಿ ಮೇಲೇರಿ ಅದನ್ನು ಅತ್ತಿತ್ತ ತಿರುಗಿಸುವುದು ರೂಢಿ. ದೋಷವು ತಟ್ಟೆಯಲ್ಲಿ ಇಲ್ಲದಿದ್ದರೆ, ಹೀಗೆ ತಿರುಗಿಸಿದ ಮೇಲೆ ಒಂದಿದ್ದ ದೋಷ ಎರಡಾಗುತ್ತದೆ. ಬಹುತೇಕ ದೋಷಗಳ ನೆಲೆಯನ್ನು ಮನೆಯೊಳಗೆ ಕುಳಿತೇ ಗುರುತಿಸಬಹುದು.

ಮೊದಲು ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕಾಗಿದೆ. ಮೈಸೂರಿನ ವಿಜಯನಗರದ ಹಳೆಯ ಮನೆಗಳ ಮೇಲೆ ಮೀನಿನ ಮುಳ್ಳಿನಂತಿರುವ ಅಲ್ಯೂಮಿನಿಯಂ ಆಂಟೆನಾ ಇನ್ನೂ ಕಾಣಸಿಗುವುದುಂಟು. ಅದನ್ನು ಸರಿಪಡಿಸಿದರೆ ದೂರದರ್ಶನ ಮತ್ತೆ ಬರುವುದೆಂದು ಭಾವಿಸಿ ತಂತಿ ಬದಲಿಸುವವರಿದ್ದಾರೆ. ಪ್ರಸಾರ ಭಾರತಿಯು ಕೆಲವೇ ಆಯಕಟ್ಟಿನ ಸ್ಥಳಗಳನ್ನು ಬಿಟ್ಟು ದೇಶದ ಹಳೆಯ ಮಾದರಿಯ ಭೂಪ್ರಸಾರ ಕೇಂದ್ರಗಳನ್ನು ಹಂತಹಂತವಾಗಿ ನಿಲ್ಲಿಸುವ ಕಾರ್ಯಕ್ಕೆ 2022ರ ಮಾರ್ಚ್ 31ನ್ನು ಗಡುವಾಗಿ ಇಟ್ಟುಕೊಂಡಿತ್ತು. ಡಿಜಿಟಲ್ ಭೂಪ್ರಸಾರವು 2016ರಲ್ಲಿ ದೇಶದ 16 ನಗರಗಳಲ್ಲಿ ಆರಂಭವಾದಾಗ ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದುದು ಬೆಂಗಳೂರು ಮಾತ್ರ. ಸುಮಾರು 140 ಕಿಲೋಮೀಟರ್ ದೂರದ ಮೈಸೂರಿನ ತಾರಸಿಗೆ ಆ ಅಲೆ ತಲುಪುವುದಿಲ್ಲ. 1935ರಲ್ಲಿ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿ, ಆಕಾಶವಾಣಿ ಎಂಬ ಹೆಸರನ್ನು ದೇಶಕ್ಕೆ ನೀಡಿದ ಊರು ಇದು. ಆ ಊರಿನಲ್ಲಿ ಇಂದು ದೂರದರ್ಶನದ ಅಲೆ ನಿಜವಾಗಿಯೂ ಆಕಾಶದಿಂದಲೇ ಇಳಿಯುತ್ತದೆ: ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ.

ಪರದೆ ಹೇಳುವ ಮಾತು

ಉದಾಹರಣೆಗಾಗಿ ವಿಜಯನಗರ 4ನೇ ಹಂತದ ಒಂದು ಬಾಡಿಗೆ ಮನೆಯನ್ನು ಕಲ್ಪಿಸಿಕೊಳ್ಳಬಹುದು. ಹತ್ತನೇ ತರಗತಿಯ ಮಗಳು ಸಂಜೆ ಗಣಿತದ ಪಾಠಕ್ಕೆ ಕುಳಿತಿದ್ದಾಳೆ. ಪರದೆಯ ಮೇಲೆ ‘ನೋ ಸಿಗ್ನಲ್’ ಎಂಬ ಬರಹ ಮೂಡಿದೆ. ಈ ಎರಡು ಪದಗಳನ್ನು ಬರೆಯುವವರು ಇಬ್ಬರು ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಟಿವಿಯೇ ಬರೆದಿದ್ದರೆ, ಸೆಟ್‌ಟಾಪ್ ಪೆಟ್ಟಿಗೆಯಿಂದ ಟಿವಿಗೆ ಏನೂ ಬರುತ್ತಿಲ್ಲವೆಂದು ಅರ್ಥ. ಪೆಟ್ಟಿಗೆಯು ಬರೆದಿದ್ದರೆ, ತಟ್ಟೆಯಿಂದ ಪೆಟ್ಟಿಗೆಗೆ ಏನೂ ಬರುತ್ತಿಲ್ಲವೆಂದು ಅರ್ಥ. ಬರೆದವರು ಯಾರೆಂದು ತಿಳಿಯಲು ಪೆಟ್ಟಿಗೆಯ ರಿಮೋಟಿನಲ್ಲಿ ಮೆನು ಗುಂಡಿಯನ್ನು ಒತ್ತಬೇಕು. ಮೆನು ಪರದೆಯ ಮೇಲೆ ಮೂಡಿದರೆ ಪೆಟ್ಟಿಗೆ, ಟಿವಿ ಹಾಗೂ ನಡುವಿನ ತಂತಿ ಮೂರೂ ಸರಿಯಾಗಿವೆ. ಮೂಡದಿದ್ದರೆ ಟಿವಿಯ ರಿಮೋಟಿನಲ್ಲಿ ಸೋರ್ಸ್ ಗುಂಡಿಯನ್ನು ಒತ್ತಿ ಎಚ್‌ಡಿಎಂಐ ಅಥವಾ ಎವಿ ಆಯ್ಕೆಯನ್ನು ಬದಲಿಸಿ ನೋಡಬೇಕು. ಮಕ್ಕಳು ಆಟವಾಡುತ್ತಾ ಈ ಗುಂಡಿಯನ್ನು ಒತ್ತಿರುವ ಪ್ರಸಂಗಗಳೇನೂ ಅಪರೂಪವಲ್ಲ. ಅದಕ್ಕಾಗಿ ಯಾರೂ ತಾರಸಿ ಹತ್ತಬೇಕಾಗಿಲ್ಲ.

ಮೆನು ಮೂಡಿತೆಂದು ಇಟ್ಟುಕೊಂಡರೆ, ಮುಂದಿನ ಹೆಜ್ಜೆ ಅದರೊಳಗಿನ ಎರಡು ಪಟ್ಟಿಗಳನ್ನು ಓದುವುದು. ಒಂದು ಸಂಕೇತದ ಬಲ, ಇನ್ನೊಂದು ಸಂಕೇತದ ಗುಣಮಟ್ಟ. ಪೆಟ್ಟಿಗೆಗಳಲ್ಲಿ ಇವು ಸ್ಟ್ರೆಂತ್ ಮತ್ತು ಕ್ವಾಲಿಟಿ ಎಂದು ನಮೂದಾಗಿರುತ್ತವೆ. ಬಲದ ಪಟ್ಟಿ ಹಲವರನ್ನು ದಾರಿ ತಪ್ಪಿಸಿದೆ. ತಟ್ಟೆಯ ಮುಂದಿನ ಕೋಲಿನ ತುದಿಯಲ್ಲಿರುವ ಎಲ್‌ಎನ್‌ಬಿ ಎಂಬ ಗ್ರಾಹಕಕ್ಕೆ ವಿದ್ಯುತ್ ತಲುಪಿದರೆ ಸಾಕು, ಅದು ತನ್ನದೇ ಗದ್ದಲವನ್ನು ಕೆಳಗೆ ಕಳುಹಿಸುತ್ತದೆ. ತಟ್ಟೆ ಬರೀ ಆಕಾಶವನ್ನು ನೋಡುತ್ತಿದ್ದರೂ ಬಲ ಅರ್ಧಕ್ಕಿಂತ ಹೆಚ್ಚು ಕಾಣಬಹುದು. ಉಪಗ್ರಹದ ಮಾತು ನಿಜವಾಗಿ ಅರ್ಥವಾಗುತ್ತಿದೆಯೇ ಎಂಬುದನ್ನು ಹೇಳುವುದು ಗುಣಮಟ್ಟದ ಪಟ್ಟಿ ಮಾತ್ರ.

ಆದ್ದರಿಂದ ಎರಡನ್ನೂ ಜೊತೆಗಿಟ್ಟು ಓದಬೇಕು. ಎರಡೂ ಸೊನ್ನೆಯಾಗಿದ್ದರೆ ತಂತಿ ಕಡಿದಿದೆ, ಜೋಡಣೆ ಕಳಚಿದೆ ಅಥವಾ ಎಲ್‌ಎನ್‌ಬಿ ಸತ್ತಿದೆ. ತಟ್ಟೆಯನ್ನು ತಿರುಗಿಸುವುದರಿಂದ ಯಾವ ಪ್ರಯೋಜನವೂ ಇಲ್ಲ. ಬಲವಿದ್ದು ಗುಣಮಟ್ಟ ಸೊನ್ನೆಯಾಗಿದ್ದರೆ ತಟ್ಟೆಯ ದಿಕ್ಕು ತಪ್ಪಿರಬಹುದು, ಎದುರಿಗೆ ಅಡ್ಡಿ ಬಂದಿರಬಹುದು ಅಥವಾ ಪೆಟ್ಟಿಗೆಯ ಹೊಂದಾಣಿಕೆ ಅಳಿಸಿಹೋಗಿರಬಹುದು. ಗುಣಮಟ್ಟ ಏರುತ್ತಾ ಇಳಿಯುತ್ತಾ ಇದ್ದರೆ ನೀರು ಸೇರಿದ ಜೋಡಣೆ ಅಥವಾ ಸಡಿಲವಾದ ತಿರುಪನ್ನು ಶಂಕಿಸಬೇಕು. ಹಳೆಯ ಪ್ರಸಾರದಲ್ಲಿ ಅಲೆ ಕ್ಷೀಣಿಸಿದಂತೆ ಪರದೆಯಲ್ಲಿ ಹಿಮ ಸುರಿದಂತಾಗಿ ಚಿತ್ರ ಮಸುಕಾಗುತ್ತಿತ್ತು. ಡಿಜಿಟಲ್ ಪ್ರಸಾರದಲ್ಲಿ ಮಸುಕು ಎಂಬುದಿಲ್ಲ: ಒಂದು ಮಿತಿಯವರೆಗೆ ಚಿತ್ರ ಸ್ವಚ್ಛ, ಅದರ ಕೆಳಗೆ ಚೌಕಚೌಕವಾಗಿ ಒಡೆದು ನಿಲ್ಲುತ್ತದೆ. ನಿನ್ನೆ ಚೆನ್ನಾಗಿತ್ತು, ಇಂದು ಇದ್ದಕ್ಕಿದ್ದಂತೆ ಹೋಯಿತು ಎಂಬ ದೂರಿನ ಹಿಂದೆ ತಿಂಗಳುಗಳಿಂದ ಕುಸಿಯುತ್ತಾ ಬಂದ ಗುಣಮಟ್ಟವಿರುವುದು ಸಾಧ್ಯ.

ಬೆಟ್ಟದ ಮೇಲಿನ ಆಪಾದನೆ

ಮೈಸೂರಿನಿಂದ ನೋಡಿದರೆ ಈ ಉಪಗ್ರಹವು ಆಗ್ನೇಯ ದಿಕ್ಕಿನಲ್ಲಿದೆ. ಉತ್ತರದಿಂದ ಬಲಕ್ಕೆ ಎಣಿಸಿದರೆ ಸುಮಾರು 125 ಡಿಗ್ರಿ, ದಿಗಂತದಿಂದ ಮೇಲಕ್ಕೆ ಸುಮಾರು 66 ಡಿಗ್ರಿ. ವಿಜಯನಗರವು ನಗರದ ವಾಯವ್ಯ ಭಾಗದಲ್ಲಿರುವುದರಿಂದ ಅಲ್ಲಿನ ತಾರಸಿಗಳಿಂದ ಚಾಮುಂಡಿ ಬೆಟ್ಟವೂ ಬಹುಮಟ್ಟಿಗೆ ಅದೇ ದಿಕ್ಕಿನಲ್ಲಿ ಕಾಣುತ್ತದೆ. ಹೀಗಾಗಿ ಅಲೆಗೆ ಬೆಟ್ಟವೇ ಅಡ್ಡಿಯೆಂಬ ಮಾತು ಹುಟ್ಟುವುದು ಸಹಜ. ಆದರೆ ಅಷ್ಟು ದೂರದಿಂದ ಬೆಟ್ಟದ ನೆತ್ತಿ ದಿಗಂತದಿಂದ ಎರಡು ಡಿಗ್ರಿಯಷ್ಟು ಮಾತ್ರ ಮೇಲೇಳುತ್ತದೆ. ಉಪಗ್ರಹದ ಅಲೆ ಅದರ ಬಹು ಮೇಲಿನಿಂದ ಬರುತ್ತದೆ. ಬೆಟ್ಟ ಅಡ್ಡಿಯಲ್ಲ, ಒಳ್ಳೆಯ ಗುರುತು: ತಟ್ಟೆಯು ಬೆಟ್ಟದ ತುಸು ಎಡಕ್ಕೆ ಮುಖ ಮಾಡಿರಬೇಕು. ಹಿನಕಲ್, ಇಲವಾಲದ ಕಡೆಯವರಿಗೂ ದಿಕ್ಕನ್ನು ಅಂದಾಜು ಮಾಡಲು ಈ ಗುರುತು ಸಾಕು. ನಂಜನಗೂಡಿನವರಿಗೆ ಬೆಟ್ಟ ಉತ್ತರಕ್ಕಿರುವುದರಿಂದ ಅವರು ಇದನ್ನು ನಂಬದೆ ದಿಕ್ಸೂಚಿಯನ್ನೇ ಬಳಸತಕ್ಕದ್ದು. ಕೋನಗಳು ಜಿಲ್ಲೆಯಾದ್ಯಂತ ಹೆಚ್ಚುಕಡಿಮೆ ಒಂದೇ.

ನಿಜವಾದ ಅಡ್ಡಿಗಳು ಹತ್ತಿರದವು. ಅಲೆಯು 66 ಡಿಗ್ರಿ ಕಡಿದಾಗಿ ಇಳಿಯುವುದರಿಂದ, ತಟ್ಟೆಯಿಂದ 3 ಮೀಟರ್ ದೂರದಲ್ಲಿರುವ ವಸ್ತು ತಟ್ಟೆಗಿಂತ ಸುಮಾರು 6.7 ಮೀಟರ್ ಎತ್ತರವಿದ್ದರೆ ಮಾತ್ರ ದಾರಿಗೆ ಅಡ್ಡ ಬರುತ್ತದೆ. ಪಕ್ಕದ ಮನೆಯವರು ಒಂದು ಮಹಡಿ ಏರಿಸಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ತಟ್ಟೆಗೆ ತಾಗಿದಂತಿರುವ ನೀರಿನ ತೊಟ್ಟಿ, ಹೊಸದಾಗಿ ಹಾಕಿದ ಶೀಟಿನ ಚಾವಣಿ, ತೆಂಗಿನ ಗರಿ ತೊಂದರೆ ಕೊಡುತ್ತವೆ. ಇದನ್ನು ಸೂರ್ಯನಿಂದಲೇ ಪರೀಕ್ಷಿಸಬಹುದು. ಮಾರ್ಚ್ 15ರ ಆಸುಪಾಸಿನಲ್ಲಿ ಬೆಳಿಗ್ಗೆ 11 ಗಂಟೆ ದಾಟಿದ ಹತ್ತು ಹದಿನೈದು ನಿಮಿಷಕ್ಕೆ, ಸೆಪ್ಟೆಂಬರ್ 28ರ ಆಸುಪಾಸಿನಲ್ಲಿ 11ಕ್ಕೆ ತುಸು ಮೊದಲು, ಸೂರ್ಯನು ಉಪಗ್ರಹದ ಬೆನ್ನಿಗೆ ಬಂದು ನಿಲ್ಲುತ್ತಾನೆ. ಆ ಹೊತ್ತಿನಲ್ಲಿ ತಟ್ಟೆಯ ಮೇಲೆ ಕೊಂಬೆಯ ನೆರಳು ಬಿದ್ದರೆ ಕತ್ತರಿಸಬೇಕಾದ ಕೊಂಬೆ ಅದೇ. ಅದೇ ದಿನಗಳಲ್ಲಿ ಸೂರ್ಯನ ಗದ್ದಲದಿಂದಾಗಿ ಕೆಲವು ನಿಮಿಷ ಚಿತ್ರ ತಾನಾಗಿ ನಿಂತು ತಾನಾಗಿ ಮರಳುವುದೂ ಉಂಟು. ಅದು ದೋಷವಲ್ಲ. ಮೇ ತಿಂಗಳ ಗುಡುಗುಮಳೆಯಲ್ಲಿ ಹತ್ತು ನಿಮಿಷ ಚಿತ್ರ ಹೋಗುವುದೂ ದೋಷವಲ್ಲ, ದಟ್ಟ ಮಳೆಹನಿಗಳು ಈ ಅಲೆಯನ್ನು ಹೀರುತ್ತವೆ. ಮಳೆ ನಿಂತು ಅರ್ಧ ಗಂಟೆಯಾದರೂ ಬಾರದಿದ್ದರೆ ಮಾತ್ರ ಜೋಡಣೆಗೆ ನೀರು ಹೊಕ್ಕಿದೆಯೆಂದು ತಿಳಿಯಬೇಕು.

ದಿಕ್ಕು ತಪ್ಪಲು ಬಿರುಗಾಳಿಯೇ ಬೇಕೆಂದಿಲ್ಲ. ಬಟ್ಟೆ ಒಣಹಾಕುವ ಹಗ್ಗವನ್ನು ತಟ್ಟೆಯ ಕಂಬಕ್ಕೆ ಕಟ್ಟುವ ಅಭ್ಯಾಸ ವ್ಯಾಪಕವಾಗಿದೆ. 60 ಸೆಂಟಿಮೀಟರ್ ತಟ್ಟೆಯ ಒಂದು ಅಂಚು ಇನ್ನೊಂದಕ್ಕಿಂತ ಒಂದು ಸೆಂಟಿಮೀಟರ್ ಹಿಂದೆ ಸರಿದರೆ ನೋಟ ಸುಮಾರು ಒಂದು ಡಿಗ್ರಿ ತಪ್ಪುತ್ತದೆ. ಎರಡು ಡಿಗ್ರಿ ತಪ್ಪಿದರೆ ಚಿತ್ರ ಉಳಿಯುವುದು ಕಷ್ಟ. ಒದ್ದೆ ಕಂಬಳಿಯೊಂದರ ತೂಕ ಇದಕ್ಕೆ ಧಾರಾಳವಾಗಿ ಸಾಕು.

ಮೇಲೇರಲೇಬೇಕಾದಾಗ

ಹಗಲಿನಲ್ಲಿ, ಮಳೆಯಿಲ್ಲದಾಗ, ಒಬ್ಬರು ಕೆಳಗೆ ಪಟ್ಟಿಯನ್ನು ನೋಡುತ್ತಿರುವಾಗ ಮಾತ್ರ ಮೇಲೇರತಕ್ಕದ್ದು. ಮನೆಯ ಮುಂದೆ ಹಾದುಹೋಗುವ ವಿದ್ಯುತ್ ತಂತಿಯ ಬಳಿ ಕಬ್ಬಿಣದ ಕಂಬ ಅಥವಾ ಏಣಿಯನ್ನು ಎತ್ತುವುದು ಪ್ರಾಣಾಪಾಯ. ಕೈಜಾರಿದ ಕಂಬ ತಂತಿಗೆ ತಗುಲಿದರೆ ಹಿಡಿದವರಿಗೆ ಬಿಡಿಸಿಕೊಳ್ಳಲು ಅವಕಾಶವಿರುವುದಿಲ್ಲ, ಬಿಡಿಸಲು ಬಂದವರೂ ಉಳಿಯುವುದಿಲ್ಲ. ತಟ್ಟೆಯ ಸಮೀಪ ತಂತಿ ಜೋತುಬಿದ್ದಿದ್ದರೆ ಕೆಲಸವನ್ನು ಅಲ್ಲಿಗೇ ಬಿಟ್ಟು ವಿದ್ಯುತ್ ಸಹಾಯವಾಣಿ 1912ಕ್ಕೆ ತಿಳಿಸಬೇಕು. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಕೇಂದ್ರ ಕಚೇರಿಯೂ ವಿಜಯನಗರ 2ನೇ ಹಂತದಲ್ಲೇ ಇದೆ. ಗುಡುಗು ಆರಂಭವಾಗುವ ಮೊದಲೇ ಪೆಟ್ಟಿಗೆಯ ಪ್ಲಗ್ಗನ್ನೂ ತಟ್ಟೆಯ ತಂತಿಯನ್ನೂ ಕಳಚಿಡಬೇಕು. ಸ್ವಿಚ್ ಆರಿಸುವುದೊಂದೇ ಸಾಲದು.

ಪೆಟ್ಟಿಗೆಯು ತಂತಿಯ ಮೂಲಕ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಕಳುಹಿಸುತ್ತಿರುತ್ತದೆ. ಇದು ಮನುಷ್ಯರಿಗೆ ಅಪಾಯಕಾರಿಯಲ್ಲ, ಆದರೆ ತಂತಿಯ ನಡುವಿನ ತಾಮ್ರ ಹೊರಗಿನ ಬಲೆಗೆ ತಾಗಿದರೆ ಪೆಟ್ಟಿಗೆ ಕೆಡಬಹುದು. ಆದ್ದರಿಂದ ಜೋಡಣೆ ಬಿಚ್ಚುವ ಮೊದಲು ಪೆಟ್ಟಿಗೆಯ ಪ್ಲಗ್ ತೆಗೆಯಬೇಕು. ತುದಿಯಲ್ಲಿ ತಾಮ್ರ ಹಸಿರಾಗಿದ್ದರೆ ಅಥವಾ ಕಪ್ಪಾಗಿದ್ದರೆ ಒಂದು ಗೇಣಿನಷ್ಟು ಕತ್ತರಿಸಿ ಹೊಸ ಜೋಡಣೆ ಹಾಕಿ, ಮೇಲೆ ನೀರು ನುಗ್ಗದ ಟೇಪು ಸುತ್ತಬೇಕು. ತಂತಿಯು ಜೋಡಣೆಯ ಕೆಳಗೆ ಒಂದು ಬಾಗು ಹೊಡೆದು ಮೇಲೇರುವಂತೆ ಕಟ್ಟಿದರೆ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಎಲ್‌ಎನ್‌ಬಿಯ ಮುಖದ ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಸೀಳಿರುವುದು, ಕಣಜ ಗೂಡು ಕಟ್ಟಿರುವುದು ಎರಡೂ ಕಂಡುಬರುತ್ತವೆ. ಮೊದಲನೆಯದಕ್ಕೆ ಎಲ್‌ಎನ್‌ಬಿ ಬದಲಿಸಬೇಕು, ಎರಡನೆಯದನ್ನು ಕೈಯಿಂದ ಕೀಳಲು ಹೋಗಬಾರದು.

ತಟ್ಟೆಯನ್ನು ತಿರುಗಿಸಲೇಬೇಕಾದರೆ ಮೊದಲು ಈಗಿನ ಸ್ಥಾನವನ್ನು ಸೀಮೆಸುಣ್ಣದಿಂದ ಕಂಬದ ಮೇಲೆ ಗುರುತಿಸಬೇಕು. ಈ ತಟ್ಟೆಗಳು ಓರೆನೋಟದವು. ಮುಖಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲಕ್ಕೆ ನೋಡುತ್ತವೆ. ಆದ್ದರಿಂದ ಆಕಾಶಕ್ಕೆ ಮುಖ ಮಾಡಿಸಲೆಂದು ಹಿಂದಕ್ಕೆ ಬಾಗಿಸುವುದು ತಪ್ಪು. ಒಂದು ಸಲಕ್ಕೆ ಕೂದಲೆಳೆಯಷ್ಟು ಸರಿಸಿ, ಪೆಟ್ಟಿಗೆ ಗುಣಮಟ್ಟವನ್ನು ಅಳೆಯಲು ಮೂರು ನಾಲ್ಕು ಸೆಕೆಂಡು ಕಾಯಬೇಕು.

ಎಲ್ಲವೂ ಸರಿಯಿದ್ದು ಒಂದೆರಡು ವಾಹಿನಿ ಮಾತ್ರ ಕಾಣದಿದ್ದರೆ ದೋಷ ತಾರಸಿಯಲ್ಲಿಲ್ಲ. ಫ್ರೀ ಡಿಶ್‌ನಲ್ಲಿ ಖಾಸಗಿ ವಾಹಿನಿಗಳ ಸ್ಥಾನಗಳು ಹರಾಜಿನ ಮೂಲಕ ಹಂಚಿಕೆಯಾಗುವುದರಿಂದ ಪಟ್ಟಿ ಕಾಲಕಾಲಕ್ಕೆ ಬದಲಾಗುತ್ತದೆ. ಮೆನುವಿನಲ್ಲಿ ಮರುಶೋಧನೆ ಮಾಡಿದರೆ ಹೊಸ ಪಟ್ಟಿ ಬರುತ್ತದೆ. ಶೋಧನೆಗೆ ಮುನ್ನ ಉಪಗ್ರಹದ ಹೆಸರಿನಲ್ಲಿ 93.5 ಪೂರ್ವ, ಎಲ್‌ಎನ್‌ಬಿ ಆವರ್ತನದಲ್ಲಿ 9750–10600 ಇದೆಯೇ ಎಂದು ನೋಡಬೇಕು. ಹಳೆಯ ಎಂಪೆಗ್-2 ಪೆಟ್ಟಿಗೆಗಳು ಎಂಪೆಗ್-4 ಮಾದರಿಯ ವಾಹಿನಿಗಳನ್ನು ಎಷ್ಟು ಶೋಧಿಸಿದರೂ ತೋರಿಸಲಾರವು. ಅಲ್ಲಿ ಬದಲಿಸಬೇಕಾದುದು ಪೆಟ್ಟಿಗೆಯನ್ನು ಮಾತ್ರ. ಚಿತ್ರ ಸರಿಯಾದ ದಿನ ಎರಡೂ ಪಟ್ಟಿಗಳ ಅಂಕಿಗಳನ್ನು ದಿನಾಂಕದೊಂದಿಗೆ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಅಡಿಯಲ್ಲಿ ಅಂಟಿಸಿಟ್ಟರೆ, ಮುಂದಿನ ಸಲ ಚಿತ್ರ ನಿಂತಾಗ ಹೋಲಿಸಿ ನೋಡಲು ಅದೇ ಆಧಾರ.