ಪೆನ್‌ಡ್ರೈವ್ ತಕರಾರು ಮಾಡಿದರೆ ಮೊದಲು ಏನು ಮಾಡಬೇಕು?

ಮಿರಜದ ದರ್ಗಾದಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನ್ ಸ್ಮರಣೆಯ ಸಂಗೀತ ಸಭೆಗೆ ಹೋದಾಗ ಮೊಬೈಲಿನಲ್ಲಿ ಹಿಡಿದಿಟ್ಟ ರಾಗ, ಸಾಂಗ್ಲಿಯ ಅರಿಶಿನ ಅಡತಿಯ ಲೆಕ್ಕ, ಜತ್ತ ತಾಲ್ಲೂಕಿನ ಕನ್ನಡ ಶಾಲೆಯ ಪ್ರಶ್ನೆಪತ್ರಿಕೆ: ಇವೆಲ್ಲ ಈಗ ಉಗುರಿನಷ್ಟು ಚಿಪ್ಪಿನಲ್ಲಿರುತ್ತವೆ. ಒಂದು ದಿನ ‘ಫಾರ್ಮ್ಯಾಟ್ ಮಾಡಬೇಕೇ?’ ಎಂದು ಕಂಪ್ಯೂಟರ್ ಕೇಳಿದರೆ ‘ಬೇಡ’ ಒತ್ತಿ.

ಪೆನ್‌ಡ್ರೈವ್‌ನೊಳಗಿನ ಈ ಫ್ಲ್ಯಾಷ್ ಚಿಪ್ಪನ್ನು ಬ್ಲಾಕ್ ಎಂಬ ತುಂಡುಗಳ ಲೆಕ್ಕದಲ್ಲೇ ಅಳಿಸಬೇಕು. ಅಳಿಸಿದಷ್ಟೂ ಸವೆಯುತ್ತದೆ. ಹೊಸ ಚಿಪ್ಪಿನಲ್ಲೂ ಕೆಲವು ಕೆಟ್ಟ ಬ್ಲಾಕ್‌ಗಳಿರುತ್ತವೆ. ಕಾರ್ಖಾನೆಯಲ್ಲೇ ಅವಕ್ಕೆ ಗುರುತು ಹಾಕಿರುತ್ತಾರೆ. ಒಳಗಿನ ಕಂಟ್ರೋಲರ್ ಅವುಗಳನ್ನು ಬಿಟ್ಟು ಮೀಸಲು ಬ್ಲಾಕ್ ಬಳಸುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಹಾಗಾಗಿ ದೋಷ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಒಳಗಿನ ಮೀಸಲು ಬಹುಶಃ ಖಾಲಿಯಾಗುತ್ತಿರುತ್ತದೆ. ಕೆಲವು ಡ್ರೈವ್‌ಗಳು ಆಗ ಬರೆಯಲು ಬಿಡದೆ ಓದಲು ಮಾತ್ರ ಬಿಡುತ್ತವೆ. ಅದು ಉಪಕಾರವೇ.

ಮೊದಲ ಕೆಲಸ ನಕಲು. ಮತ್ತೆ ಸಿಗದಂಥ ಫೈಲುಗಳನ್ನು ಮುಂಚೆ ಎತ್ತಿಕೊಳ್ಳಿ. ನಡುವೆ ನಿಂತುಹೋದದ್ದನ್ನು ಬಿಟ್ಟು ಮುಂದೆ ಹೋಗಿ. ಡ್ರೈವ್ ತೀರಾ ಹಟ ಮಾಡಿದರೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ಸಾಧನ ಇದೆ: ಓದಲು ಬರುವ ಭಾಗವನ್ನು ಮೊದಲು ತೆಗೆದು, ಕೆಟ್ಟದ್ದರ ಬಳಿಗೆ ಕೊನೆಗೆ ಬರುತ್ತದೆ.

ನಕಲು ಮುಗಿದ ಮೇಲಷ್ಟೇ ಪರೀಕ್ಷೆ. ವಿಂಡೋಸ್‌ನಲ್ಲಿ ಡ್ರೈವ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಟೂಲ್ಸ್, ಚೆಕ್. ಇದು ಫೈಲ್ ವ್ಯವಸ್ಥೆಯ ತಪ್ಪು ಸರಿಪಡಿಸುತ್ತದೆ, ಸವೆದ ಚಿಪ್ಪನ್ನಲ್ಲ. ಆಮೇಲೆ ‘ಕ್ವಿಕ್’ ಎಂಬ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ, ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಸಾಧನ ಓಡಿಸಿ. ಡ್ರೈವ್ ತುಂಬ ಬರೆದು ಮರಳಿ ಓದಿ ಹೋಲಿಸುತ್ತದೆ. 128 ಜಿಬಿ ಎಂದು ಅಚ್ಚೊತ್ತಿ ಒಳಗೆ 8 ಜಿಬಿ ಇಟ್ಟ ಖೋಟಾ ಮಾಲೂ ಸಿಕ್ಕಿಬೀಳುತ್ತದೆ. ಒಂದೇ ಒಂದು ತಪ್ಪು ಬಂದರೂ ಆ ಡ್ರೈವ್ ಕೆಲಸಕ್ಕೆ ಬಾರದು. ಕೆಟ್ಟ ಜಾಗಕ್ಕೆ ಗುರುತು ಹಾಕಿ ಉಳಿದದ್ದನ್ನು ಬಳಸುವ ಜಾಣತನ ಇಲ್ಲಿ ನಡೆಯದು: ಫಾರ್ಮ್ಯಾಟ್ ಮಾಡಿದರೆ ಆ ಗುರುತು ಅಳಿಯುತ್ತದೆ, ಕಂಟ್ರೋಲರ್ ಬ್ಲಾಕ್‌ಗಳ ಜಾಗವನ್ನೂ ಬದಲಿಸುತ್ತಿರುತ್ತದೆ.

ಕಂಪ್ಯೂಟರಿನ ಎಸ್‌ಎಸ್‌ಡಿಯಲ್ಲೂ ಇಂಥದೇ ಚಿಪ್ಪು ಇರುವುದರಿಂದ, ಅದಕ್ಕೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಸಾಧನ ಹಾಕಿಕೊಂಡು ಆರೋಗ್ಯದ ಅಂಕಿ ಆಗಾಗ ನೋಡಿ. ಫೈಲುಗಳ ತುಣುಕು ಜೋಡಿಸುವ ಡಿಫ್ರ್ಯಾಗ್ ಬೇಡ, ಸುಮ್ಮನೆ ಸವೆತ.

2019ರ ಮಹಾಪೂರದಲ್ಲಿ ಸಾಂಗ್ಲಿಯ ಮನೆ, ಅಂಗಡಿಗಳಿಗೆ ಕೃಷ್ಣೆ ನುಗ್ಗಿತ್ತು. ನದಿ ದಂಡೆಯವರು ಎರಡನೇ ನಕಲನ್ನು ಬೇರೆ ಊರಿನ ನೆಂಟರ ಮನೆಯಲ್ಲೋ ಕ್ಲೌಡ್‌ನಲ್ಲೋ ಇಡಿ.