ಹಳೆಯ ಗಣಕಯಂತ್ರದಲ್ಲಿ ಲೆಕ್ಕಪತ್ರಗಳ ಭದ್ರತೆ

ವಿಂಡೋಸ್ ಎಕ್ಸ್‌ಪಿ ಅಥವಾ ವಿಂಡೋಸ್ 7 ಇರುವ ಗಣಕಯಂತ್ರಗಳನ್ನು ನಮ್ಮ ವರ್ತಕ ಬಾಂಧವರಲ್ಲಿ ಕೆಲವರು ಇಂದಿಗೂ ಬಳಸುತ್ತಿದ್ದಾರೆ. ಹಳೆಯ ಲೆಕ್ಕದ ತಂತ್ರಾಂಶವೂ ಡಾಟ್ ಮ್ಯಾಟ್ರಿಕ್ಸ್ ಮುದ್ರಕವೂ ಅವುಗಳಲ್ಲಿ ತೊಂದರೆಯಿಲ್ಲದೆ ನಡೆಯುತ್ತವೆಂಬುದೇ ಇದಕ್ಕೆ ಕಾರಣ. ಆದರೆ ಮೈಕ್ರೋಸಾಫ್ಟ್ ಸಂಸ್ಥೆಯು ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅನಂತರ ಕಂಡುಬರುವ ಲೋಪಗಳಿಗೆ ಸಾಮಾನ್ಯವಾಗಿ ಪರಿಹಾರ ದೊರೆಯುವುದಿಲ್ಲ. 2017ರ ಮೇ ತಿಂಗಳಲ್ಲಿ ಹರಡಿದ ವಾನಾಕ್ರೈ ಎಂಬ ಕುತಂತ್ರಾಂಶವು, ಭದ್ರತಾ ಪರಿಷ್ಕರಣೆ ಇಲ್ಲದ ಯಂತ್ರಗಳನ್ನು ಹೊಕ್ಕು, ಕಡತಗಳನ್ನು ಬಂಧಿಸಿ ಹಣ ಕೇಳಿತು.

ಕಾನೂನಿನ ಹೊಣೆ

ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ, ಆ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಕಡೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಯ್ದಿರಿಸಬೇಕು. ಕಂಪನಿಗಳಿಗೆ 2013ರ ಕಾಯ್ದೆಯ 128ನೇ ಕಲಮಿನಂತೆ ಈ ಅವಧಿ 8 ಆರ್ಥಿಕ ವರ್ಷಗಳು. ಯಂತ್ರ ಎಷ್ಟೇ ಹಳೆಯದಾಗಿರಲಿ, ಲೆಕ್ಕವನ್ನು ಹಾಜರುಪಡಿಸುವ ಹೊಣೆ ವರ್ತಕರದೇ.

ಪಾಸ್‌ವರ್ಡ್ ಒಂದೇ ಸಾಲದು

ಯಂತ್ರ ತೆರೆಯುವಾಗ ಕೇಳುವ ಪಾಸ್‌ವರ್ಡ್ ಬಾಗಿಲಿನ ಚಿಲಕ ಮಾತ್ರ. ಹಾರ್ಡ್ ಡಿಸ್ಕನ್ನು ಬಿಚ್ಚಿ ಬೇರೊಂದು ಯಂತ್ರಕ್ಕೆ ಜೋಡಿಸಿದರೆ ಕಡತಗಳನ್ನು ಓದಬಹುದು. ಫ್ಯಾಟ್32 ಪದ್ಧತಿಯ ಡಿಸ್ಕಿನಲ್ಲಿ ಯಾರು ಯಾವ ಕಡತ ತೆರೆಯಬಹುದೆಂಬ ಕಟ್ಟುಪಾಡು ವಿಧಿಸಲಾಗದು. ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ವಿಧಿಸಬಹುದು. ಡಿಸ್ಕಿನ ಪ್ರಾಪರ್ಟೀಸ್ ತೆರೆದರೆ ಯಾವ ಪದ್ಧತಿ ಎಂಬುದು ತಿಳಿಯುತ್ತದೆ.

ಎಕ್ಸ್‌ಪಿ ಮತ್ತು ವಿಂಡೋಸ್ 7ರ ಪ್ರೊಫೆಷನಲ್ ಆವೃತ್ತಿಗಳಲ್ಲಿ ಎನ್‌ಟಿಎಫ್‌ಎಸ್ ಡಿಸ್ಕಿನ ಕಡತಗಳನ್ನು ಗೂಢಲಿಪಿಗೆ ಪರಿವರ್ತಿಸುವ ಸೌಲಭ್ಯವಿದೆ. ಹೋಮ್ ಆವೃತ್ತಿಗಳಲ್ಲಿ ಇಲ್ಲ. ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಗೂಢಲಿಪಿಯ ಕೀಲಿಯು ಬಳಕೆದಾರನ ಖಾತೆಗೆ ಸೇರಿರುತ್ತದೆ. ಕೀಲಿಯ ಪ್ರತಿ ತೆಗೆದಿಡದೆ ವಿಂಡೋಸನ್ನು ಹೊಸದಾಗಿ ಅಳವಡಿಸಿದರೆ ಮಾಲೀಕರಿಗೂ ಕಡತ ತೆರೆಯದು. ಆದ್ದರಿಂದ ಕೀಲಿಯನ್ನು ಬೇರೆ ಪೆನ್ ಡ್ರೈವಿಗೆ ಪಡೆದು ತಿಜೋರಿಯಲ್ಲಿಡಬೇಕು. ಎರಡನೆಯದಾಗಿ, ಅಂತಹ ಕಡತವನ್ನು ಫ್ಯಾಟ್32 ಪೆನ್ ಡ್ರೈವಿಗೆ ನಕಲಿಸಿದರೆ ಆ ನಕಲಿಗೆ ಗೂಢಲಿಪಿಯ ರಕ್ಷಣೆ ಇರುವುದಿಲ್ಲ.

ಪಾಲಿಸಬೇಕಾದ ಕ್ರಮಗಳು

1. ಹಳೆಯ ಯಂತ್ರಕ್ಕೆ ಅಂತರಜಾಲ ಸಂಪರ್ಕ ಬೇಡ. ಬ್ಯಾಂಕ್ ಮತ್ತು ಜಿಎಸ್‌ಟಿ ವ್ಯವಹಾರಗಳನ್ನು ಬೆಂಬಲವಿರುವ ಯಂತ್ರದಲ್ಲಿಯೇ ನಡೆಸಬೇಕು.

2. ಗುಮಾಸ್ತರಿಗೆ ಸೀಮಿತ ಅಧಿಕಾರದ ಖಾತೆಯನ್ನು ಕೊಡಬೇಕು. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಮಾಲೀಕರಲ್ಲಿರಲಿ.

3. ಎರಡು ಹೊರ ಡಿಸ್ಕುಗಳಲ್ಲಿ ದಿನ ಬಿಟ್ಟು ದಿನ ಒಂದೊಂದರಂತೆ ಪ್ರತಿದಿನವೂ ಬ್ಯಾಕಪ್ ತೆಗೆಯಬೇಕು. ಕೆಲಸ ಮುಗಿದೊಡನೆ ಡಿಸ್ಕನ್ನು ಬಿಚ್ಚಿಡಬೇಕು. ಜೋಡಿಸಿಯೇ ಬಿಟ್ಟರೆ ಕುತಂತ್ರಾಂಶವು ಅದನ್ನೂ ಬಂಧಿಸಬಲ್ಲದು. ಒಂದು ಡಿಸ್ಕು ಅಂಗಡಿಯ ಹೊರಗಿರಲಿ.

4. ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೆ ಯಂತ್ರದಲ್ಲಿ ತೆರೆದು, ಅಲ್ಲಿ ಬರುವ ತಾಳೆಪಟ್ಟಿಯನ್ನು ಮುದ್ರಿತ ಪ್ರತಿಯೊಡನೆ ಹೋಲಿಸಬೇಕು. ಪರೀಕ್ಷಿಸದ ಬ್ಯಾಕಪ್ಪನ್ನು ನಂಬಲಾಗದು.

5. ಯಂತ್ರವನ್ನು ಮಾರುವಾಗ ಕಡತಗಳನ್ನು ಅಳಿಸಿದರೆ ಸಾಲದು. ಅಳಿಸಿದ ಕಡತಗಳನ್ನು ಮರಳಿ ಪಡೆಯುವ ತಂತ್ರಾಂಶಗಳಿವೆ. ಲೆಕ್ಕದ ಪ್ರತಿ ಉಳಿಸಿಕೊಂಡು, ಹಾರ್ಡ್ ಡಿಸ್ಕನ್ನು ತೆಗೆದಿಟ್ಟುಕೊಳ್ಳುವುದು ಕ್ಷೇಮ.

ಈ ಕ್ರಮಗಳು ಅಪಾಯವನ್ನು ತಗ್ಗಿಸುತ್ತವೆಯೇ ಹೊರತು ಪೂರ್ತಿ ನಿವಾರಿಸುವುದಿಲ್ಲ. ಹಿಂದಿನ ವರ್ಷಗಳ ಲೆಕ್ಕ ನೋಡುವುದಕ್ಕೆ ಹಳೆಯ ಯಂತ್ರವಿರಲಿ; ಚಾಲ್ತಿ ಲೆಕ್ಕವನ್ನು ಬೆಂಬಲವಿರುವ ಯಂತ್ರಕ್ಕೆ ವರ್ಗಾಯಿಸುವುದೇ ಸರಿಯಾದ ಮಾರ್ಗ. ಏಪ್ರಿಲ್ 1ರ ಹೊಸ ಆರ್ಥಿಕ ವರ್ಷಾರಂಭವು ಇದಕ್ಕೆ ಅನುಕೂಲವಾದ ಸಮಯ. ದೀಪಾವಳಿಯಂದು ಖಾತೆ ಪುಸ್ತಕಗಳನ್ನು ಪೂಜಿಸುವ ವರ್ತಕರು, ಅದೇ ಖಾತೆ ಈಗಿರುವ ಡಿಸ್ಕನ್ನೂ ಅಷ್ಟೇ ಜತನದಿಂದ ಕಾಯಬೇಕು.